ಭತ್ತದ ಹುಲ್ಲಿನಿಂದ ಡಾಂಬರು: ಫಾರ್ವರ್ಡ್‌ನಲ್ಲಿ ಎಷ್ಟು ನಿಜ? ಚುಂಚನಕಟ್ಟೆಯ ರೈತರಿಗೆ ಎಷ್ಟು ಲಾಭ?

ಇನ್ನು ಮುಂದೆ ರಸ್ತೆಗೆ ಪೆಟ್ರೋಲಿಯಂ ಡಾಂಬರು ಬೇಕಿಲ್ಲ, ಭತ್ತದ ಹುಲ್ಲಿನಿಂದಲೇ ರಸ್ತೆ ಮಾಡುತ್ತಾರೆ, ಆ ರಸ್ತೆಯಲ್ಲಿ ಗುಂಡಿ ಬೀಳುವುದಿಲ್ಲ, ರೈತರ ಹುಲ್ಲಿಗೆ ಚಿನ್ನದ ಬೆಲೆ ಬರುತ್ತದೆ. ಈ ಅರ್ಥದ ಸಂದೇಶಗಳು, ಚಿಕ್ಕ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತವೆ. ಇದರ ಬೆನ್ನಿಗೇ ಉಲ್ಟಾ ಸಂದೇಶವೂ ಬರುತ್ತದೆ: ಹುಲ್ಲಿನ ರಸ್ತೆ ಮೊದಲ ಮಳೆಗೇ ಕರಗಿ ಹೋಗುತ್ತದೆ, ಇದೆಲ್ಲ ಬರೀ ಪ್ರಚಾರ.

ಎರಡೂ ಪೂರ್ತಿ ನಿಜವಲ್ಲ, ಎರಡೂ ಪೂರ್ತಿ ಸುಳ್ಳೂ ಅಲ್ಲ. ಓದಲು ಸಮಯವಿಲ್ಲದವರಿಗೆ ಮೊದಲು ಚಿಕ್ಕ ಉತ್ತರ:

• ಸಸ್ಯಮೂಲದ ಡಾಂಬರು, ಅಂದರೆ ಬಯೋ ಬಿಟುಮೆನ್, ನಿಜ. ಭಾರತದಲ್ಲೇ ಅದನ್ನು ಬಳಸಿ ರಸ್ತೆಯ ತುಣುಕುಗಳನ್ನು ಹಾಕಿದ್ದಾರೆ.
• ಅದು ಪೆಟ್ರೋಲಿಯಂ ಡಾಂಬರಿಗೆ ಪೂರ್ತಿ ಬದಲಿ ಅಲ್ಲ. ಸದ್ಯಕ್ಕೆ ಅದರೊಳಗೆ ಬೆರೆಸುವ ಒಂದು ಪಾಲು.
• ಗುಂಡಿ ಬೀಳುವುದೇ ಇಲ್ಲ ಎನ್ನುವುದಕ್ಕೆ ಆಧಾರವಿಲ್ಲ.
• ಪಂಜಾಬಿನಲ್ಲಿ ಭತ್ತದ ಹುಲ್ಲು ತ್ಯಾಜ್ಯ. ಚುಂಚನಕಟ್ಟೆಯಲ್ಲಿ ಅದು ದನದ ಊಟ. ಈ ವ್ಯತ್ಯಾಸವನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ.

ಈಗ ಒಂದೊಂದಾಗಿ ನೋಡೋಣ.

ಡಾಂಬರು ಅಂದರೆ ನಿಜವಾಗಿ ಏನು?

ನಾವು 'ಟಾರ್ ರೋಡ್' ಎನ್ನುತ್ತೇವೆ. ಆದರೆ ಟಾರ್ ಬೇರೆ, ಬಿಟುಮೆನ್ ಬೇರೆ. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಕೋಕ್ ಮಾಡುವಾಗ ಹೊರಬರುವ ಕಪ್ಪು ದ್ರವ ಟಾರ್. ಅದರಲ್ಲಿ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಹೆಚ್ಚು. ಇಂದು ನಮ್ಮ ರಸ್ತೆಗಳಿಗೆ ಬಳಸುವುದು ಬಿಟುಮೆನ್. ಕಚ್ಚಾ ತೈಲವನ್ನು ಶುದ್ಧೀಕರಿಸಿ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ದಪ್ಪನೆಯ ಪದಾರ್ಥ ಅದು. ಮಂಗಳೂರಿನ ಎಂಆರ್‌ಪಿಎಲ್ ಶುದ್ಧೀಕರಣಾಗಾರದಲ್ಲೂ ಬಿಟುಮೆನ್ ತಯಾರಾಗುತ್ತದೆ. ಈ ಲೇಖನದಲ್ಲಿ ಡಾಂಬರು ಎಂದಾಗಲೆಲ್ಲ ಬಿಟುಮೆನ್ ಎಂದೇ ಅರ್ಥ.

ಒಂದು ಸ್ವಾರಸ್ಯದ ವಿಷಯ: ಮಲಯ ಭಾಷೆಯಲ್ಲಿ 'ದಮರ್' ಎಂದರೆ ಮರದಿಂದ ಒಸರುವ ರಾಳ. ಹಡಗಿನ ಹಲಗೆಗಳ ಸಂದಿಗೆ ನೀರು ನುಗ್ಗದಂತೆ ಬಳಿಯುತ್ತಿದ್ದ ವಸ್ತು ಅದು. ಹಿಂದಿಯ 'ಡಾಮರ್', ನಮ್ಮ 'ಡಾಂಬರು' ಆ ಪದದ ಬಳಗಕ್ಕೇ ಸೇರಿದವು. ಸಸ್ಯದ ಅಂಟು ಮನುಷ್ಯನಿಗೆ ಹೊಸದೇನಲ್ಲ.

ಇನ್ನೊಂದು ಮುಖ್ಯ ವಿಷಯ. ರಸ್ತೆಯ ಕಪ್ಪು ಪದರದಲ್ಲಿ ಡಾಂಬರು ಇರುವುದು ತೀರಾ ಕಡಿಮೆ. 100 ಕೆಜಿ ಮಿಶ್ರಣದಲ್ಲಿ ಸುಮಾರು 95 ಕೆಜಿ ಜಲ್ಲಿ, ಕಲ್ಲಿನ ಪುಡಿ. ಡಾಂಬರು 5 ಕೆಜಿಯ ಆಸುಪಾಸು. ಅದರ ಕೆಲಸ ಕಲ್ಲುಗಳನ್ನು ಹಿಡಿದಿಡುವುದು, ನೀರು ಒಳಗಿಳಿಯದಂತೆ ತಡೆಯುವುದು. ಭಾರ ಹೊರುವುದು ಕಲ್ಲು, ಅಂಟಿಸುವುದು ಡಾಂಬರು. ಆದ್ದರಿಂದ 'ಹುಲ್ಲಿನ ರಸ್ತೆ' ಎಂಬ ಮಾತೇ ದಾರಿ ತಪ್ಪಿಸುತ್ತದೆ. ಆ 5 ಕೆಜಿ ಅಂಟಿನಲ್ಲಿ ಐದನೇ ಒಂದು ಪಾಲು ಸಸ್ಯಮೂಲದ್ದಾದರೆ, 100 ಕೆಜಿ ರಸ್ತೆಯಲ್ಲಿ ಸಸ್ಯದಿಂದ ಬಂದದ್ದು 1 ಕೆಜಿ ಮಾತ್ರ.

ಹುಲ್ಲು ಅಂಟಾಗುವುದು ಹೇಗೆ?

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಲಿಗ್ನಿನ್. ಗಿಡದ ಕಾಂಡ ನೆಟ್ಟಗೆ ನಿಲ್ಲುವುದಕ್ಕೆ ಕಾರಣವಾದ ನೈಸರ್ಗಿಕ ಅಂಟು ಇದು. ಮರದಲ್ಲಿ ಹೆಚ್ಚು, ಹುಲ್ಲಿನಲ್ಲಿ ಸ್ವಲ್ಪ ಕಡಿಮೆ ಇರುತ್ತದೆ. ಮರದ ತಿರುಳಿನಿಂದ ಕಾಗದ ಮಾಡುವಾಗ, ಹುಲ್ಲಿನಿಂದ ಎಥನಾಲ್ ಮಾಡುವಾಗ ಲಿಗ್ನಿನ್ ಉಳಿದುಹೋಗುತ್ತದೆ. ಎಷ್ಟೋ ಕಡೆ ಅದನ್ನು ಬಾಯ್ಲರ್‌ಗೆ ಹಾಕಿ ಸುಡುತ್ತಾರೆ. ಅದರ ಬದಲು ಡಾಂಬರಿಗೆ ಬೆರೆಸುವುದು ಇಲ್ಲಿನ ಯೋಚನೆ. ನೆದರ್ಲೆಂಡ್ಸ್‌ನ ಝೀಲೆಂಡ್ ಪ್ರಾಂತ್ಯದಲ್ಲಿ 2015ರಲ್ಲೇ ಲಿಗ್ನಿನ್ ಬೆರೆಸಿದ ರಸ್ತೆಯ ಪ್ರಯೋಗ ಶುರುವಾಯಿತು. ಅಲ್ಲಿ ಡಾಂಬರಿನ ಅರ್ಧದಷ್ಟನ್ನು ಲಿಗ್ನಿನ್‌ನಿಂದ ಬದಲಿಸಿಯೂ ನೋಡಿದ್ದಾರೆ.

ಎರಡನೆಯದು ಪೈರಾಲಿಸಿಸ್. ಹುಲ್ಲನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿಯಿಲ್ಲದೆ ಕಾಯಿಸುವುದು. ಗಾಳಿ ಇಲ್ಲದ್ದರಿಂದ ಅದು ಹೊತ್ತಿ ಉರಿಯುವುದಿಲ್ಲ, ಒಡೆಯುತ್ತದೆ. ಇದ್ದಿಲು ಸುಡುವವರ ಗುಂಡಿಯ ತತ್ವವೇ ಇದು. ಇದರಿಂದ ಉರಿಯುವ ಅನಿಲ, ಕಪ್ಪು ಇದ್ದಿಲು ಮತ್ತು ಬಯೋ ಆಯಿಲ್ ಎಂಬ ದ್ರವ ಸಿಗುತ್ತವೆ. ಆ ದ್ರವದ ನೀರು, ಆಮ್ಲ, ಹಗುರ ಅಂಶಗಳನ್ನು ತೆಗೆದು ಗಟ್ಟಿಯಾದ ಭಾಗವನ್ನು ಸಂಸ್ಕರಿಸಿದರೆ ಡಾಂಬರಿಗೆ ಬೆರೆಸಬಹುದಾದ ಅಂಟು ಸಿಗುತ್ತದೆ. ಅಮೆರಿಕದ ಐಯೊವಾ ರಾಜ್ಯದ ಡಿ ಮೊಯ್ನ್ ನಗರದಲ್ಲಿ 2010ರಲ್ಲಿ ಇಂಥ ಬಯೋ ಆಯಿಲ್ ಬೆರೆಸಿದ ಸೈಕಲ್ ದಾರಿಯೊಂದನ್ನು ಹಾಕಿದ್ದರು.

ಹಾಗಾದರೆ ಪೂರ್ತಿ ಡಾಂಬರನ್ನೇ ಯಾಕೆ ಬದಲಿಸಬಾರದು? ಲಿಗ್ನಿನ್ ಒಣ ಪುಡಿ. ಅದು ಹೆಚ್ಚಾದರೆ ಅಂಟು ಬಿರುಸಾಗಿ, ಚಳಿಗೆ ಬಿರುಕು ಬಿಡುವ ಅಪಾಯವಿದೆ. ಬಯೋ ಆಯಿಲ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಆಮ್ಲಜನಕದ ಅಂಶ ಜಾಸ್ತಿ, ಬೇಗ ಹಳತಾಗುತ್ತದೆ. ಬಿಸಿ ಮಿಶ್ರಣ ಘಟಕದ 150 ಡಿಗ್ರಿ ಶಾಖದಲ್ಲಿ ಅದರ ಹಗುರ ಅಂಶಗಳು ಆವಿಯಾಗಿ ಹೋಗಬಹುದು. ಹಿಟ್ಟು ಕಲಸಿದ ಹಾಗೆ, ಎಷ್ಟು ಬೆರೆಸಿದರೆ ಹದ ಎನ್ನುವುದನ್ನು ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕು.

ಭಾರತದಲ್ಲಿ ನಿಜವಾಗಿ ಆಗಿರುವುದೇನು?

2022ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಶಾಮ್ಲಿ–ಮುಜಫ್ಫರ್‌ನಗರ ಹೆದ್ದಾರಿಯಲ್ಲಿ ಪ್ರಯೋಗದ ತುಣುಕೊಂದನ್ನು ಹಾಕಲಾಯಿತು. 2024ರ ಡಿಸೆಂಬರ್ 21ರಂದು ಮಹಾರಾಷ್ಟ್ರದ ನಾಗಪುರ–ಮನ್ಸರ್ ಬೈಪಾಸ್‌ನಲ್ಲಿ, ರಾಷ್ಟ್ರೀಯ ಹೆದ್ದಾರಿ 44ರ ಮೇಲೆ, ಲಿಗ್ನಿನ್ ಆಧಾರಿತ ಡಾಂಬರಿನ ರಸ್ತೆಯನ್ನು ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಪುಣೆಯ ಪ್ರಾಜ್ ಇಂಡಸ್ಟ್ರೀಸ್ ಮತ್ತು ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ (ಸಿಆರ್‌ಆರ್‌ಐ) ಇದರ ಹಿಂದಿದ್ದವು. ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಈ ರಸ್ತೆಯೇ.

ಭತ್ತದ ಹುಲ್ಲಿನ ಕಥೆ ಇನ್ನೊಂದು. ಸಿಆರ್‌ಆರ್‌ಐ ಮತ್ತು ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಸೇರಿ ಪೈರಾಲಿಸಿಸ್ ದಾರಿಯಲ್ಲಿ ಹುಲ್ಲಿನಿಂದ ಅಂಟು ತಯಾರಿಸಿವೆ. ಮೇಘಾಲಯದ ಜೋರಾಬಾಟ್–ಶಿಲ್ಲಾಂಗ್ ಹೆದ್ದಾರಿಯಲ್ಲಿ 100 ಮೀಟರ್ ಉದ್ದದ ಪ್ರಯೋಗ ತುಣುಕು ಹಾಕಿದರು. 2026ರ ಜನವರಿಯಲ್ಲಿ ಈ ತಂತ್ರಜ್ಞಾನವನ್ನು ಕಾರ್ಖಾನೆಗಳಿಗೆ ಹಸ್ತಾಂತರಿಸಲಾಯಿತು. ಡಾಂಬರಿನ ಶೇ 20ರಿಂದ 30ರವರೆಗೆ ಬದಲಿಸಬಹುದು ಎಂದು ಸಂಸ್ಥೆಗಳು ಹೇಳಿವೆ. ಶೇ 15ರಷ್ಟು ಬೆರೆಸಿದರೂ ವರ್ಷಕ್ಕೆ ಸುಮಾರು 4,500 ಕೋಟಿ ರೂಪಾಯಿ ವಿದೇಶಿ ವಿನಿಮಯ ಉಳಿಯುತ್ತದೆ ಎಂಬುದು ಆಗ ಸಚಿವರು ಕೊಟ್ಟ ಅಂದಾಜು.

ಸರ್ಕಾರಕ್ಕೆ ಇದರಲ್ಲಿ ಇಷ್ಟೊಂದು ಆಸಕ್ತಿ ಯಾಕೆ? 2023–24ರಲ್ಲಿ ದೇಶ ಬಳಸಿದ ಡಾಂಬರು ಸುಮಾರು 88 ಲಕ್ಷ ಟನ್. ಅದರಲ್ಲಿ ಹತ್ತಿರಹತ್ತಿರ ಅರ್ಧ ಹೊರದೇಶದಿಂದ ಬರುತ್ತದೆ. ಇನ್ನೊಂದು ಕಡೆ ಪಂಜಾಬ್, ಹರಿಯಾಣದಲ್ಲಿ ಪ್ರತಿ ಅಕ್ಟೋಬರ್–ನವೆಂಬರ್‌ನಲ್ಲಿ ಹುಲ್ಲು ಸುಟ್ಟ ಹೊಗೆ ದೆಹಲಿಯವರೆಗೂ ಹೋಗುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂಬ ಲೆಕ್ಕಾಚಾರ ಇದು. ತಪ್ಪೇನಲ್ಲ. ಆದರೆ ಆ ಲೆಕ್ಕ ಉತ್ತರದ ಗದ್ದೆಗಳನ್ನು ನೋಡಿ ಹಾಕಿದ್ದು.

ಚುಂಚನಕಟ್ಟೆಯ ಹುಲ್ಲು ತ್ಯಾಜ್ಯವೇ?

ಕೆ.ಆರ್. ನಗರ ಸೀಮೆಯನ್ನು ಭತ್ತದ ಕಣಜ ಎನ್ನುತ್ತಾರೆ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಧುಮುಕುತ್ತದೆ. ಸುತ್ತಲಿನ ನಾಲೆಗಳ ಕೆಳಗೆ ಗದ್ದೆಗಳು ಹರಡಿವೆ. ಅದೇ ಊರಿನಲ್ಲಿ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸು, ಹಳೇ ಮೈಸೂರು ಭಾಗದ ಹೆಸರಾದ ದನಗಳ ಜಾತ್ರೆ ನಡೆಯುತ್ತದೆ. ಹಳ್ಳಿಕಾರ್ ಜೋಡೆತ್ತುಗಳನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಭತ್ತ ಮತ್ತು ದನ ಒಂದೇ ಊರಿನಲ್ಲಿ ಹೀಗೆ ಸೇರಿರುವುದು ಕಾಕತಾಳೀಯವಲ್ಲ. ಕೊಯ್ಲಿನ ನಂತರ ಮನೆ ಹಿಂದೆ ಏಳುವ ಹುಲ್ಲಿನ ಮೆದೆಯೇ ಬೇಸಿಗೆಯುದ್ದಕ್ಕೂ ಆ ದನಗಳ ಆಹಾರ. ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗಳಿಗೂ ಅಷ್ಟೇ. ಬರ ಬಂದ ವರ್ಷ ಮೇವನ್ನು ಹೊರಗೆ ಸಾಗಿಸದಂತೆ ಸರ್ಕಾರವೇ ನಿರ್ಬಂಧ ಹಾಕುವುದನ್ನು ನಾವು ನೋಡಿದ್ದೇವೆ.

ಒಂದು ಅಂದಾಜು ಲೆಕ್ಕ ಹಾಕೋಣ. 3.75 ಮೀಟರ್ ಅಗಲದ ಹಳ್ಳಿ ರಸ್ತೆ, 1 ಕಿಲೋಮೀಟರ್ ಉದ್ದ, ಮೇಲಿನ ಡಾಂಬರು ಪದರ 30 ಮಿಲಿಮೀಟರ್ ದಪ್ಪ ಎಂದುಕೊಳ್ಳಿ. ಮಿಶ್ರಣ ಸುಮಾರು 270 ಟನ್ ಬೇಕು. ಅದರಲ್ಲಿ ಡಾಂಬರು 13.5 ಟನ್. ಶೇ 15ರಷ್ಟು ಬದಲಿಸಿದರೆ ಸಸ್ಯಮೂಲದ ಅಂಟು 2 ಟನ್. ಹುಲ್ಲಿನ ತೂಕದ ಕಾಲು ಭಾಗ ಬಳಕೆಗೆ ಯೋಗ್ಯ ಅಂಟಾಗುತ್ತದೆ ಎಂದು ಇಟ್ಟುಕೊಂಡರೆ 8 ಟನ್ ಹುಲ್ಲು ಬೇಕು. ಎಕರೆಗೆ 2 ಟನ್ ಲೆಕ್ಕದಲ್ಲಿ ಅದು 4 ಎಕರೆಯ ಹುಲ್ಲು.

ಕೇಳಲು ಕಡಿಮೆ ಎನಿಸುತ್ತದೆ. ಈಗ ಅದನ್ನೇ ಕೊಟ್ಟಿಗೆಯಿಂದ ನೋಡಿ. ಒಂದು ಎತ್ತಿಗೆ ದಿನಕ್ಕೆ 6 ಕೆಜಿ ಒಣಹುಲ್ಲು ಎಂದರೆ, 8 ಟನ್ ಹುಲ್ಲು ಒಂದು ಜೋಡಿಗೆ ಸುಮಾರು 22 ತಿಂಗಳ ಮೇವು. ಒಂದು ಕಿಲೋಮೀಟರ್ ರಸ್ತೆಗಾಗಿ ಒಂದು ಜೋಡೆತ್ತಿನ ಹೆಚ್ಚುಕಡಿಮೆ ಎರಡು ವರ್ಷದ ಮೇವು. ಇದು ಒರಟು ಲೆಕ್ಕವೇ, ನಿಜ. ಆದರೆ ಪ್ರಶ್ನೆ ಎಲ್ಲಿದೆ ಎಂದು ತೋರಿಸುತ್ತದೆ.

ಕಾರ್ಖಾನೆ ಒಳ್ಳೆಯ ಬೆಲೆ ಕೊಟ್ಟರೆ ಗದ್ದೆ ಇದ್ದವರಿಗೆ ಲಾಭವೇ. ಆದರೆ ಮೇವಿನ ಬೆಲೆ ಏರಿದರೆ ಪೆಟ್ಟು ಬೀಳುವುದು ಗದ್ದೆ ಇಲ್ಲದೆ ಒಂದು ಹಸು ಕಟ್ಟಿಕೊಂಡವರಿಗೆ. ಹುಲ್ಲು ಕೊಂಡು ಹಾಲು ಮಾರುವ ಮನೆಗೆ ಆ ಎರಡರ ನಡುವಿನ ವ್ಯತ್ಯಾಸವೇ ಆದಾಯ. ಹುಲ್ಲಿಗೆ ಚಿನ್ನದ ಬೆಲೆ ಎಂಬ ಸಾಲನ್ನು ಅವರು ಓದುವ ರೀತಿಯೇ ಬೇರೆ.

ಹಾಗಾದರೆ ನಮ್ಮಲ್ಲಿ ಏನೂ ಮಿಗುವುದಿಲ್ಲವೇ?

ಮಿಗುತ್ತದೆ, ಆದರೆ ಬೇರೆ ಕಡೆ ನೋಡಬೇಕು.

ಯಂತ್ರದ ಕೊಯ್ಲಿನ ಹುಲ್ಲು: ಕಂಬೈನ್ಡ್ ಹಾರ್ವೆಸ್ಟರ್ ಇಳಿದ ಗದ್ದೆಯಲ್ಲಿ ಹುಲ್ಲು ತುಂಡಾಗಿ ಚೆಲ್ಲಾಡುತ್ತದೆ. ಮಳೆಗೆ ನೆನೆದರೆ ದನ ಮುಟ್ಟುವುದಿಲ್ಲ. ಕೆಲವರು ಸುಟ್ಟುಬಿಡುತ್ತಾರೆ. ಉರುಳೆ ಕಟ್ಟುವ ಬೇಲರ್ ಯಂತ್ರ ಬಂದ ಮೇಲೆ ಇದೂ ಮೇವಾಗಿ ಉಳಿಯುತ್ತಿದೆ. ಹಾಗೆ ಉಳಿಯದೆ ಕೆಟ್ಟುಹೋದ ಹುಲ್ಲನ್ನು ಡಾಂಬರಿಗೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಕಬ್ಬಿನ ತರಗು: ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ಬೆಂಕಿ ಹಚ್ಚುವುದು ಸಾಮಾನ್ಯ. ಮೇವಿಗೆ ಬಾರದ ಇದು ನಿಜವಾದ ಕಚ್ಚಾವಸ್ತು ಆಗಬಲ್ಲದು. ಆದರೆ ಅದನ್ನು ಹೊಲದಲ್ಲೇ ಹೊದಿಕೆಯಾಗಿ ಬಿಟ್ಟರೆ ಮಣ್ಣಿಗೆ ಒಳ್ಳೆಯದು ಎಂದು ಕೃಷಿ ತಜ್ಞರು ಹೇಳುತ್ತಾರೆ. ಎಲ್ಲವನ್ನೂ ಬಾಚಿಕೊಂಡು ಹೋಗುವುದು ಸರಿಯಲ್ಲ. ಕಾರ್ಖಾನೆಯ ಕಬ್ಬಿನ ಸಿಪ್ಪೆ ಮಾತ್ರ ಬೇರೆ ವಿಷಯ. ಸಕ್ಕರೆ ಕಾರ್ಖಾನೆಗಳು ಅದನ್ನು ಬಾಯ್ಲರ್‌ಗೆ ಹಾಕಿ ವಿದ್ಯುತ್ ಮಾಡುತ್ತವೆ, ಅದು ಮಿಗುವುದೇ ಕಡಿಮೆ. ಅದಕ್ಕೂ ಮೊದಲು ಕಾರ್ಖಾನೆ ನಡೆಯುತ್ತಿರಬೇಕು. ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ಹಲವು ವರ್ಷ ಬಾಗಿಲು ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಗೆಸೊಪ್ಪಿನ ಕಡ್ಡಿ: ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಎಲೆ ಕಿತ್ತ ಮೇಲೆ ಹೊಲದಲ್ಲಿ ಕಡ್ಡಿ ಉಳಿಯುತ್ತದೆ. ದನ ತಿನ್ನುವುದಿಲ್ಲ. ಹಾಗಾಗಿ ಮೇವಿನ ಜೊತೆ ಪೈಪೋಟಿ ಇಲ್ಲ. ಆದರೆ ಇದೇ ಸೀಮೆಯಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ರಾಶಿ ರಾಶಿ ಸೌದೆ ಬೇಕು. ಕಡ್ಡಿಯನ್ನು ಒತ್ತಿ ಉರುವಲು ಮಾಡಿ ಒಂದು ಮರ ಉಳಿಸುವುದು ಲೇಸೋ, ದೂರದ ಕಾರ್ಖಾನೆಗೆ ಸಾಗಿಸಿ ಡಾಂಬರು ಮಾಡುವುದು ಲೇಸೋ? ಇದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಇಲ್ಲಿ ಸಾಗಣೆಯೇ ದೊಡ್ಡ ಖರ್ಚು. ಹುಲ್ಲು, ತರಗು ಹಗುರ. ಲಾರಿ ತುಂಬಿದರೂ ತೂಕ ಬರುವುದಿಲ್ಲ. ನೂರಾರು ಕಿಲೋಮೀಟರ್ ಡೀಸೆಲ್ ಸುಟ್ಟು ಹುಲ್ಲು ಒಯ್ದರೆ ಪರಿಸರಕ್ಕೆ ಆಗುವ ಉಳಿತಾಯವೂ ಕರಗುತ್ತದೆ. ದಾವಣಗೆರೆ ಜಿಲ್ಲೆಯ ಹರಿಹರದ ಬಳಿ ಕೃಷಿ ತ್ಯಾಜ್ಯದಿಂದ ಎಥನಾಲ್ ಮಾಡುವ ಘಟಕದ ಯೋಜನೆಯನ್ನು ಎಂಆರ್‌ಪಿಎಲ್ ಹಿಂದೆಯೇ ಪ್ರಕಟಿಸಿದೆ. ಇಂಥ ಘಟಕ ನಡೆದರೆ ಲಿಗ್ನಿನ್ ಅದರ ಉಪ ಉತ್ಪನ್ನವಾಗಿ ಸಿಗುತ್ತದೆ. ಆದರೆ ಅದಕ್ಕೆ ಹುಲ್ಲು ಬರುವುದು ಸುತ್ತಮುತ್ತಲಿನ ಗದ್ದೆಗಳಿಂದ, ಕೆ.ಆರ್. ನಗರದಿಂದ ಅಲ್ಲ.

ಹುಲ್ಲನ್ನು ಬಿಟ್ಟರೆ ನಮ್ಮ ರಸ್ತೆಗೆ ಬೇರೆ ಸಸ್ಯಮೂಲದ ವಸ್ತುಗಳೂ ಬರುತ್ತವೆ. ಭಾರೀ ವಾಹನಗಳ ರಸ್ತೆಗೆ ಹಾಕುವ ಒಂದು ಬಗೆಯ ಮಿಶ್ರಣದಲ್ಲಿ ಡಾಂಬರು ಸೋರದಂತೆ ಸೆಲ್ಯುಲೋಸ್ ನಾರನ್ನು ಬೆರೆಸುತ್ತಾರೆ. ರಬ್ಬರ್ ಮರದ ಹಾಲು ಬೆರೆಸಿದ ಡಾಂಬರು ಕೇರಳದಲ್ಲಿ ಬಳಕೆಯಲ್ಲಿದೆ. ಕರಾವಳಿಯ ಗೋಡಂಬಿ ಕಾರ್ಖಾನೆಗಳಲ್ಲಿ ಸಿಗುವ ಗೇರು ಸಿಪ್ಪೆಯ ಎಣ್ಣೆಯನ್ನು ಡಾಂಬರಿಗೆ ಬೆರೆಸುವ ಬಗ್ಗೆ ಸಂಶೋಧನೆಗಳು ನಡೆದಿವೆ. ಹಳೇ ರಸ್ತೆಯನ್ನು ಕೆರೆದು ಮತ್ತೆ ಬಳಸುವಾಗ, ಒಣಗಿ ಬಿರುಸಾದ ಡಾಂಬರನ್ನು ಮೆತ್ತಗೆ ಮಾಡಲು ಸಸ್ಯದ ಎಣ್ಣೆಗಳು ಕೆಲಸಕ್ಕೆ ಬರುತ್ತವೆ. ಇವು ಸುದ್ದಿಯಾಗುವುದಿಲ್ಲ. ಆದರೆ ಹೊಸ ಡಾಂಬರಿನ ಖರ್ಚನ್ನು ನೇರವಾಗಿ ಇಳಿಸುವುದು ಇಂಥ ಮರುಬಳಕೆಯೇ.

ಮಳೆಗೆ ಕರಗುತ್ತದೆಯೇ? ಗುಂಡಿ ಬೀಳುವುದಿಲ್ಲವೇ?

ಕರಗುವ ಮಾತು ಎಲ್ಲಿಂದ ಬಂತು? ಕೆಲವು ಸಸ್ಯಮೂಲದ ವಸ್ತುಗಳು ನಿಜವಾಗಿಯೂ ನೀರಲ್ಲಿ ಕರಗುತ್ತವೆ. ಧೂಳು ಏಳದಂತೆ ಮಣ್ಣಿನ ರಸ್ತೆಗೆ ಕಾಕಂಬಿ ಚಿಮುಕಿಸುವುದುಂಟು. ಕಾಗದ ಕಾರ್ಖಾನೆಯ ಲಿಗ್ನೋಸಲ್ಫೋನೇಟ್ ಅನ್ನೂ ಹಾಗೆ ಬಳಸುತ್ತಾರೆ. ಒಂದು ಜೋರು ಮಳೆಗೆ ಎರಡೂ ತೊಳೆದುಹೋಗುತ್ತವೆ. ಆದರೆ ಹೆದ್ದಾರಿಗೆ ಬಳಸುವ ಲಿಗ್ನಿನ್ ನೀರಲ್ಲಿ ಕರಗುವ ಜಾತಿಯದ್ದಲ್ಲ. ಅದು ಡಾಂಬರಿನೊಳಗೇ ಬೆರೆತು ಕೂತಿರುತ್ತದೆ. ಹಾಗಾಗಿ ಕರಗುತ್ತದೆ ಎಂಬುದು ಸುಳ್ಳು.

ಗುಂಡಿ ಬೀಳುವುದಿಲ್ಲ ಎಂಬುದೂ ಅಷ್ಟೇ ಸುಳ್ಳು. ರಸ್ತೆಯ ಮೊದಲ ಶತ್ರು ನೀರು. ಬಿರುಕಿನಿಂದ ಇಳಿದ ನೀರು ಕಲ್ಲಿನಿಂದ ಡಾಂಬರನ್ನು ಬಿಡಿಸುತ್ತದೆ. ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಮೇಲೆ ಭಾರದ ಲಾರಿ ಹೋದಾಗ ಪದರ ಕುಸಿಯುತ್ತದೆ. ಚುಂಚನಕಟ್ಟೆಯಂಥ ನಾಲಾ ಸೀಮೆಯಲ್ಲಿ ರಸ್ತೆಯ ಎರಡೂ ಬದಿ ತಿಂಗಳುಗಟ್ಟಲೆ ನೀರು ನಿಂತ ಗದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಓಡಾಟ ಬೇರೆ. ಅಲ್ಲಿ ರಸ್ತೆಯ ಆಯಸ್ಸು ನಿರ್ಧಾರವಾಗುವುದು ಚರಂಡಿ, ತಳಪಾಯ, ಪದರದ ದಪ್ಪ ಮತ್ತು ಕೆಲಸದ ಗುಣಮಟ್ಟದಿಂದ. ಅಂಟು ಪೆಟ್ರೋಲಿಯಂನದ್ದೋ ಹುಲ್ಲಿನದ್ದೋ ಎಂಬುದು ಆಮೇಲಿನ ಪ್ರಶ್ನೆ. ಚರಂಡಿ ಇಲ್ಲದ ರಸ್ತೆಗೆ ಯಾವ ಡಾಂಬರು ಸುರಿದರೂ ಫಲ ಒಂದೇ.

'ಶೇ 70ರಷ್ಟು ಕಡಿಮೆ ಮಾಲಿನ್ಯ' ಎಂಬುದನ್ನೂ ಬಿಡಿಸಿ ನೋಡಿ. ನಾಗಪುರದ ರಸ್ತೆಯ ಉದ್ಘಾಟನೆಯ ಹೊತ್ತಿಗೆ, ಸಾಮಾನ್ಯ ಡಾಂಬರಿಗಿಂತ ಹಸಿರುಮನೆ ಅನಿಲ ಕನಿಷ್ಠ ಶೇ 70 ಕಡಿಮೆ ಎಂದು ಹೇಳಲಾಯಿತು. ಆ ಅಂಕಿ ಸಸ್ಯಮೂಲದ ಅಂಟಿಗೆ ಅನ್ವಯಿಸುತ್ತದೆ ಎಂದುಕೊಂಡರೆ, ಅದನ್ನು ಐದನೇ ಒಂದು ಪಾಲು ಬೆರೆಸಿದಾಗ ಒಟ್ಟು ಅಂಟಿನಲ್ಲಿ ಇಳಿಕೆ ಶೇ 14. ಕಲ್ಲು ಒಡೆಯುವುದು, ಸಾಗಿಸುವುದು, ಮಿಶ್ರಣ ಬಿಸಿ ಮಾಡುವುದು ಹಾಗೇ ಉಳಿಯುತ್ತವೆ. ಲಾಭ ಇದೆ, ಆದರೆ ಫಾರ್ವರ್ಡ್ ಹೇಳುವಷ್ಟಿಲ್ಲ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

1. ಎಷ್ಟು ಪಾಲು? 'ಹುಲ್ಲಿನಿಂದ ರಸ್ತೆ' ಎಂದಿದ್ದರೆ, ಡಾಂಬರಿನ ಶೇಕಡಾ ಎಷ್ಟನ್ನು ಬದಲಿಸಿದ್ದಾರೆ ಎಂದು ನೋಡಿ.
2. ಎಷ್ಟು ಉದ್ದ, ಎಷ್ಟು ಮಳೆಗಾಲ? 100 ಮೀಟರ್ ತುಣುಕು ಪ್ರಯೋಗ. ಹಲವು ಮಳೆಗಾಲ ದಾಟಿದ ಮೇಲಷ್ಟೇ ಅದು ಪಾಸಾಯಿತು ಎನ್ನಬಹುದು.
3. ಯಾರ ತ್ಯಾಜ್ಯ? ಒಬ್ಬರ ತ್ಯಾಜ್ಯ ಇನ್ನೊಬ್ಬರ ಮೇವು ಆಗಿರಬಹುದು.
4. ದುಡ್ಡು ಕೇಳುತ್ತಿದ್ದಾರೆಯೇ? ಹುಲ್ಲು ಖರೀದಿಗೆ ನೋಂದಣಿ ಶುಲ್ಕ, ಡೀಲರ್‌ಶಿಪ್‌ಗೆ ಮುಂಗಡ ಎಂದು ಯಾರಾದರೂ ಲಿಂಕ್ ಕಳಿಸಿದರೆ ಹಣ ಹಾಕಬೇಡಿ. ಹುಲ್ಲು ಮಾರುವವರಿಗೆ ಹಣ ಬರಬೇಕೇ ಹೊರತು ಅವರ ಕೈಯಿಂದ ಹೋಗಬಾರದು.

ಸಸ್ಯಮೂಲದ ಡಾಂಬರು ಒಳ್ಳೆಯ ವಿಜ್ಞಾನ. ಹೊರದೇಶದ ಎಣ್ಣೆಯ ಮೇಲಿನ ಅವಲಂಬನೆ ಸ್ವಲ್ಪ ತಗ್ಗಬಹುದು, ಸುಟ್ಟು ಹೊಗೆಯಾಗುವ ಹುಲ್ಲು ಉಪಯೋಗಕ್ಕೆ ಬರಬಹುದು. ಆದರೆ ನಮ್ಮೂರಿಗೆ ಹುಲ್ಲು ಕೊಳ್ಳುವ ಕಂಪನಿ ಬಂದ ದಿನ ಗ್ರಾಮಸಭೆಯಲ್ಲಿ ಬೆಲೆಯೊಂದನ್ನೇ ಕೇಳಿ ಸುಮ್ಮನಾಗಬೇಡಿ. ಮೇವಿಗೆ ಎಷ್ಟು ಉಳಿಸಿ, ಎಷ್ಟು ಕೊಡಬಹುದು ಎಂಬುದನ್ನೂ ಕೇಳಿ. ಆ ಲೆಕ್ಕ ದೆಹಲಿಯಲ್ಲಿ ಸಿಗುವುದಿಲ್ಲ. ಚುಂಚನಕಟ್ಟೆ ಜಾತ್ರೆಗೆ ಜೋಡೆತ್ತು ಹೊಡೆದುಕೊಂಡು ಬರುವವರನ್ನು ಕೇಳಿದರೆ ಸಿಗುತ್ತದೆ.